ಆರುನೂರ ಅರವತ್ತಮೂರು ರಾತ್ರಿ

2025ರ ನವೆಂಬರ್ 13, ಗುರುವಾರ, ಬೆಳಿಗ್ಗೆ ಎಂಟು ಗಂಟೆ ಹನ್ನೆರಡು ನಿಮಿಷಕ್ಕೆ ಅಬ್ದುಲ್ ಮಜೀದ್ ಹಾಜಿಯವರು ಮುಶೈರಿಬ್‌ನ ಒಂದು ಇಂಜಿನಿಯರಿಂಗ್ ಕಚೇರಿಯ ಐದನೇ ಮಹಡಿಯಲ್ಲಿ ಲಿಫ್ಟಿನಿಂದ ಇಳಿದರು. ಬಂದ ಕೆಲಸ ಸಣ್ಣದು. ತಮ್ಮ ಮನೆಯಲ್ಲೇ ಇರುವ ತಂಗಿಯ ಮಗಳು ಫರ್ಝಾನಾಗೆ ನೋಡಿದ ಹುಡುಗ ಸರ್ಫರಾಝ್ ಎಂಥವನು ಎಂದು ಅವನ ಜೊತೆ ಕೆಲಸ ಮಾಡುವವರಲ್ಲಿ ಕೇಳಿ ಹೋಗುವುದು. ದೋಹಾದಲ್ಲಿ ನೆಲೆಸಿದ ಕರಾವಳಿಯವರಲ್ಲಿ ಇದು ಮಾಮೂಲು. ಹುಡುಗನ ಓದು, ಉದ್ಯೋಗ ಎಲ್ಲ ಕಾಗದದಲ್ಲಿ ಸಿಗುತ್ತದೆ. ಗುಣ ಮಾತ್ರ ಪಕ್ಕದ ಕುರ್ಚಿಯವನ ಬಾಯಲ್ಲೇ ಸಿಗಬೇಕು.

ಸರ್ಫರಾಝನ ಪಕ್ಕದ ಕುರ್ಚಿಯಲ್ಲಿ ಹ್ಯೂಬರ್ಟ್ ಇದ್ದ.

ಹ್ಯೂಬರ್ಟ್ ಕಿನ್ನಿಗೋಳಿಯವನು, ಬಂಗಾರದಂಥ ಮನುಷ್ಯ. ಅವನಲ್ಲಿದ್ದ ದೋಷ ಒಂದೇ: ಉಪಕಾರ ಮಾಡಲು ಹೊರಟರೆ ಬ್ರೇಕ್ ಇಲ್ಲದ ಲಾರಿ. ಅವನ ಕಡೆ ಮದುವೆಯೆಂದರೆ ಬ್ಯಾಂಡು ಬೇಕು, ಕುಣಿತ ಬೇಕು. ಕುಣಿಯಲು ಏಳದ ಮದುಮಗನನ್ನು ಕಂಡರೆ ಹೆಣ್ಣಿನ ಕಡೆಯ ಹೆಂಗಸರು ಕಾಲು ನೋವೋ ಏನೋ ಎಂದು ವಿಚಾರಿಸುತ್ತಾರೆ. ಆದ್ದರಿಂದ ಹಾಜಿಯವರು ಬಂದ ಉದ್ದೇಶ ತಿಳಿದ ಕೂಡಲೇ ಅವನು ತನ್ನ ಅಳತೆಗೋಲಿನಲ್ಲಿ ಇದ್ದದ್ದರಲ್ಲಿ ಅತ್ಯುತ್ತಮವಾದ ಸರ್ಟಿಫಿಕೇಟನ್ನೇ ಕೊಟ್ಟ.

"ನಮ್ಮ ಸರ್ಫರಾಝಾ? ಹಾಜಿಯವ್ರೇ, ನೀವು ಕಣ್ಣು ಮುಚ್ಚಿ ಕೊಡಿ. ನೋಡ್ಲಿಕ್ಕೆ ಪಾಪದವನ ಹಾಗೆ ಕಾಣ್ತಾನೆ. ಆದ್ರೆ ಅಲ್ಲಿ ಗ್ರಾಝಿನಲ್ಲಿ ಓದುವಾಗ ಇವನಿಲ್ಲದೆ ಒಂದು ಪಾರ್ಟಿ ಶುರು ಆಗ್ತಿರ್ಲಿಲ್ಲ!"

"ಎಂತ ಪಾರ್ಟಿ?" ಹಾಜಿಯವರ ಕೈಯಲ್ಲಿದ್ದ ಕರಕ್ ಚಹಾದ ಲೋಟ ತುಟಿಯ ಬಳಿ ನಿಂತಿತು.

"ಎಲ್ಲಾ ಪಾರ್ಟಿ. ನೆಲದಡಿಯ ಹಾಲ್‌ನಲ್ಲಿ ರಾತ್ರಿಯಿಡೀ ಡ್ಯಾನ್ಸು. ಫ್ಲೋರಿಗೆ ಮೊದ್ಲು ಇಳಿಯುವವ ಇವ, ಕಡೆಗೆ ಹತ್ತುವವನೂ ಇವನೇ. ಬೆಳಿಗ್ಗೆ ಫಸ್ಟ್ ಟ್ರಾಮಿಗೆ ರೂಮಿಗೆ. ಒಂದು ಸಲ ಸ್ಪೇನಿನ ಹುಡುಗಿಯರು ಇವನನ್ನು ಹೆಗಲಿನ ಮೇಲೆ ಹೊತ್ತದ್ದುಂಟು!"

"ಹೆಗಲಿನ ಮೇಲೆ?"

"ಮೂರು ಜನ ಸೇರಿ ಹಾಜಿಯವ್ರೇ. ಒಬ್ಬಳ ಕೈಯಿಂದ ಆಗ್ಬೇಕಲ್ಲ, ಇವ ಎಪ್ಪತ್ತೆರಡು ಕಿಲೋ."

ಹಾಜಿಯವರು ಚಹಾವನ್ನು ಅರ್ಧದಲ್ಲೇ ಇಟ್ಟು ಎದ್ದರು. ಹ್ಯೂಬರ್ಟ್ ಲಿಫ್ಟಿನವರೆಗೂ ಹೋಗಿ ಬೀಳ್ಕೊಟ್ಟು, "ಮದುವೆಗೆ ನಮ್ಮನ್ನು ಮರೀಬೇಡಿ" ಎಂದ.

ಆ ಹೊತ್ತಿಗೆ ಸರ್ಫರಾಝ್ ಉಮ್ಮ್ ಸಲಾಲ್ ಕಡೆಯ ಒಂದು ನೀರು ಶುದ್ಧೀಕರಣ ಘಟಕದಲ್ಲಿ ಹನ್ನೆರಡು ಬಾಟಲಿಗೆ ನೀರು ತುಂಬಿಸಿಕೊಳ್ಳುತ್ತಿದ್ದ. ಅವನು ನೀರು ಪರೀಕ್ಷಿಸುವ ಇಂಜಿನಿಯರ್. ವಯಸ್ಸು ಮೂವತ್ತೊಂದು. ಒಂದು ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಉಪ್ಪಿದೆ ಎಂದು ಎರಡು ದಶಮಾಂಶ ಸ್ಥಾನದವರೆಗೆ ಹೇಳಬಲ್ಲ. ಸಂಜೆ ಕೆಲಸ ಮುಗಿದ ಮೇಲೆ ಯಾರೊಡನೆ ಏನು ಮಾತಾಡಬೇಕು ಎಂಬುದು ಮಾತ್ರ ಅವನಿಗೆ ಎಂದೂ ತಿಳಿದಿರಲಿಲ್ಲ. ಎರಡು ವಾರದ ಹಿಂದೆ ಊರಿನವರ ಸಂಘ ನಡೆಸಿದ ರಕ್ತದಾನ ಶಿಬಿರದಲ್ಲಿ ಅವನು ಮಂಚದ ಮೇಲೆ ಮಲಗಿದ್ದಾಗ ಹೆಸರು ಬರೆದುಕೊಳ್ಳುತ್ತಿದ್ದ ಫರ್ಝಾನಾ, "ನಿಮ್ಮ ರಕ್ತ ಯಾಕೆ ಇಷ್ಟು ನಾಚಿಕೆಯಿಂದ ಬರುವುದು?" ಎಂದಿದ್ದಳು. ಅವನು ನಕ್ಕಿದ್ದ. ಅವಳೂ ನಕ್ಕಿದ್ದಳು. ಇಬ್ಬರು ಒಟ್ಟಿಗೆ ನಗುವುದು ಇಷ್ಟು ಸುಲಭ ಎಂದು ಅವನಿಗೆ ಅಂದು ಗೊತ್ತಾಗಿತ್ತು. ಆಮೇಲೆ, ಬಂದ ಮೂರು ಸಂಬಂಧಗಳಲ್ಲಿ ಅವಳೇ ಅವನದನ್ನು ಆರಿಸಿದಳಂತೆ ಎಂಬ ಸುದ್ದಿ ತಲುಪಿದಾಗ ಅವನು ಮೂರು ರಾತ್ರಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಒಂಬತ್ತು ನಲವತ್ತಕ್ಕೆ ಬಾಟಲಿಗಳ ಪೆಟ್ಟಿಗೆ ಹೊತ್ತು ಅವನು ಕಚೇರಿಗೆ ಬಂದಾಗ ಹ್ಯೂಬರ್ಟ್ ಎರಡೂ ಕೈ ಚಾಚಿ ನಿಂತಿದ್ದ.

"ಮಾರಾಯಾ, ಪಾರ್ಟಿ ಕೊಡು! ಹುಡುಗಿಯ ಮಾವ ಬಂದಿದ್ರು. ನಿನ್ನ ಗ್ರಾಝಿನ ಕತೆ ಪೂರಾ ಹೇಳಿ ಕಳ್ಸಿದ್ದೇನೆ."

ಸರ್ಫರಾಝ್ ಪೆಟ್ಟಿಗೆಯನ್ನು ಮೆಲ್ಲನೆ ಕೆಳಗಿಟ್ಟ. "ಯಾವ ಕತೆ?"

"ಎಲ್ಲವೂ. ಸ್ಪೇನಿನವರನ್ನೂ ಬಿಡ್ಲಿಲ್ಲ."

ಸರ್ಫರಾಝನ ಮುಖ ಆರಿದ ನೀರುದೋಸೆಯಂತಾಯಿತು. ಕಾರಣ, ಆ ಕತೆಗಳಲ್ಲಿ ಒಂದೂ ಅವನದಾಗಿರಲಿಲ್ಲ.

ಆಸ್ಟ್ರಿಯಾದ ಗ್ರಾಝ್ ನಗರದಲ್ಲಿ ಅವನು ಎರಡು ವರ್ಷ ಓದಿದ್ದು ನಿಜ. ಮೊದಲ ತಿಂಗಳು ಹಾಸ್ಟೆಲಿನ ಹುಡುಗರು ಗುರುವಾರ ಗುರುವಾರ ಬಾಗಿಲು ತಟ್ಟಿ, "ಬರ್ತೀಯಾ?" ಎಂದು ಕೇಳಿದ್ದರು. ಎಲ್ಲರೂ ಕುಡಿಯುವಲ್ಲಿ ತಾನೊಬ್ಬ ಸೇಬಿನ ರಸ ಹಿಡಿದು ಕೂತರೆ ಹೇಗೆ ಎಂದು ಹೆದರಿ ಅವನು, "ಮುಂದಿನ ವಾರ" ಎಂದ. ಮೂರು ಸಲ ಹಾಗೆಂದ. ನಾಲ್ಕನೇ ವಾರ ಯಾರೂ ತಟ್ಟಲಿಲ್ಲ. ತಟ್ಟಿದ್ದರೆ ಹೋಗುವುದೆಂದು ಅವನು ಆ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹನ್ನೊಂದು ಗಂಟೆಯವರೆಗೆ ಮಂಚದ ಅಂಚಿನಲ್ಲಿ ಕೂತಿದ್ದ. ಆಮೇಲೆ ಅವನಿಗೆ ಉಳಿದದ್ದು ಗೋಡೆ. ಪಕ್ಕದ ಕೋಣೆಯ ಪೋಲೆಂಡಿನ ಹುಡುಗ ನಸುಕಿನಲ್ಲಿ ಬಂದು ಯಾರಿಗೋ ಫೋನಿನಲ್ಲಿ ರಾತ್ರಿಯ ಸಾಹಸಗಳನ್ನು ಇಂಗ್ಲಿಷಿನಲ್ಲಿ ವರ್ಣಿಸುತ್ತಿದ್ದ. ತೆಳ್ಳಗಿನ ಆ ಗೋಡೆಗೆ ಕಿವಿಯಿಟ್ಟು ಸರ್ಫರಾಝ್ ಗ್ರಾಝನ್ನು ಸುತ್ತಿದ.

ಹೋದ ವರ್ಷ ಈ ಕಚೇರಿಗೆ ಸೇರಿದ ದಿನ ಹ್ಯೂಬರ್ಟ್, "ಯುರೋಪಿನಲ್ಲಿ ನೈಟ್ ಲೈಫ್ ಹೇಗೆ?" ಎಂದು ಕೇಳಿದ್ದ. "ನಾನು ಹೋಗ್ಲಿಲ್ಲ" ಎಂದು ಸರ್ಫರಾಝ್ ನಿಜವನ್ನೇ ಹೇಳಿದ. ಹ್ಯೂಬರ್ಟ್ ಅವನನ್ನು ಆಸ್ಪತ್ರೆಯ ಮಂಚದಲ್ಲಿ ಮಲಗಿದವನನ್ನು ನೋಡುವಂತೆ ನೋಡಿದ. ಆ ನೋಟ ತಡೆಯಲಾರದೆ ಸರ್ಫರಾಝ್ ಮರುದಿನ, "ತಮಾಷೆಗೆ ಹೇಳಿದ್ದು" ಎಂದು ಪೋಲೆಂಡಿನವನ ಒಂದು ಕತೆಯನ್ನು ತನ್ನದೆಂದು ಹೇಳಿದ. ಅಂದಿನಿಂದ ಪ್ರತಿ ಗುರುವಾರ ಊಟದ ಹೊತ್ತಿಗೆ ಹ್ಯೂಬರ್ಟ್ ಮತ್ತು ಡಾಕ್ಯುಮೆಂಟ್ ಕಂಟ್ರೋಲರ್ ಯಜ್ಞೇಶ್ ಕುರ್ಚಿ ಎಳೆದುಕೊಂಡು ಅವನ ಸುತ್ತ ಕೂರುತ್ತಿದ್ದರು. ಸರ್ಫರಾಝನ ಬದುಕಿನಲ್ಲಿ ಜನ ಅವನಿಗಾಗಿ ಕುರ್ಚಿ ಎಳೆದದ್ದು ಅದೇ ಮೊದಲು.

ಫೋನು ಗುಂಯ್ ಎಂದಿತು. ಅಲ್ ವುಕೈರ್‌ನ ಮನೆಯಿಂದ ಅವನ ತಾಯಿ ನಫೀಸಾ.

"ಮೋನೇ, ಮಜೀದ್ ಹಾಜಿ ಫೋನ್ ಮಾಡಿದ್ರು. ಸಂಜೆ ಹುಡುಗಿ ನೋಡ್ಲಿಕ್ಕೆ ನಾವು ಹೋಗುವುದು ಬೇಡಂತೆ. ಯಾಕೆ ಅಂತ ಕೇಳಿದ್ರೆ, ನಿಮ್ಮ ಮಗನನ್ನೇ ಕೇಳಿ ಅಂದ್ರು. ನೀನು ಎಂತ ಮಾಡಿದ್ದಿ?"

"ಏನೂ ಮಾಡ್ಲಿಲ್ಲ ಉಮ್ಮಾ," ಎಂದ ಸರ್ಫರಾಝ್. ಅವನ ಜೀವನದಲ್ಲಿ ಇಷ್ಟು ಖಚಿತವಾದ ವಾಕ್ಯವನ್ನು ಅವನು ಆಡಿರಲಿಲ್ಲ.

ಫೋನಿಟ್ಟು ಹ್ಯೂಬರ್ಟನಿಗೆ ಸತ್ಯ ಹೇಳಿದ. ಹ್ಯೂಬರ್ಟ್ ಕುರ್ಚಿ ಎಳೆದು ಕೂತ. ಒಂದು ವರ್ಷದ ಗುರುವಾರಗಳೆಲ್ಲ ಅವನ ಕಣ್ಣ ಮುಂದೆ ಹಾದುಹೋದಂತಿತ್ತು.

"ಆ ಮೂವರು ಹುಡುಗಿಯರು?"

"ಪೋಲೆಂಡಿನವನನ್ನು ಹೊತ್ತದ್ದು."

"ಹಾಗಾದ್ರೆ ಎಪ್ಪತ್ತೆರಡು ಕಿಲೋ?"

"ಅದು ನನ್ನ ತೂಕವೇ."

"ಸಾರಿ ಮಾರಾಯಾ. ಬಿಡು, ನಾನೇ ಹಾಳು ಮಾಡಿದ್ದು, ನಾನೇ ಸರಿ ಮಾಡ್ತೇನೆ." ತಡೆಯುವಷ್ಟರಲ್ಲಿ ಅವನು ಹಾಜಿಯವರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದ. "ಹಾಜಿಯವ್ರೇ, ಹ್ಯೂಬರ್ಟ್ ಮಾತಾಡುವುದು. ಬೆಳಿಗ್ಗೆ ಹೇಳಿದ್ದು ಪೂರಾ ಕ್ಯಾನ್ಸಲ್. ಅವ ಎಲ್ಲಿಗೂ ಹೋಗಿರ್ಲಿಲ್ಲ. ಒಂದು ವರ್ಷದಿಂದ ನಮಗೆ ಸುಳ್ಳು ಹೇಳಿದ್ದು, ಅಷ್ಟೇ!"

ಆ ಕಡೆಯಿಂದ ಹಾಜಿಯವರ ಧ್ವನಿ: "ಬೆಳಿಗ್ಗೆ ಕುಣಿಯುವವ ಅಂತ ಮಾತ್ರ ಗೊತ್ತಿತ್ತು. ಸುಳ್ಳನೂ ಹೌದಾ? ಖಲಾಸ್." ಕರೆ ತುಂಡಾಯಿತು.

"ಇನ್ನೊಮ್ಮೆ ಮಾಡ್ತೇನೆ," ಎಂದ ಹ್ಯೂಬರ್ಟ್. ಸರ್ಫರಾಝ್ ಅವನ ಕೈಯಿಂದ ಫೋನು ಕಿತ್ತುಕೊಂಡ.

ಇಷ್ಟು ಹೊತ್ತು ತನ್ನ ಕಪಾಟುಗಳ ನಡುವೆ ಕೂತು ಕೇಳುತ್ತಿದ್ದ ಯಜ್ಞೇಶ್ ಆಗ ಎದ್ದು ಬಂದ. ಉಡುಪಿಯವನು, ಹದಿನಾರು ವರ್ಷದಿಂದ ಈ ಊರಿನ ಕಟ್ಟಡಗಳ ಕಾಗದಗಳಿಗೆ ಸೀಲು ಒತ್ತುತ್ತಿದ್ದ. ಸೀಲು ಇಲ್ಲದ ಯಾವುದೂ, ಎದುರಿಗೆ ನಿಂತಿದ್ದರೂ, ಅವನ ದೃಷ್ಟಿಯಲ್ಲಿ ಇರಲಿಲ್ಲ.

"ಬಾಯಿಮಾತಿನ ಕಾಲ ಮುಗೀತು," ಎಂದ ಅವನು. "ಈಗ ಡಾಕ್ಯುಮೆಂಟ್ ಬೇಕು. ಹಾಜಿಯವರು ಎಂತ ಕೆಲಸ?"

"ಎಸಿ ಡಕ್ಟಿನ ಕಂಟ್ರಾಕ್ಟರ್. ಇಪ್ಪತ್ತೆಂಟು ವರ್ಷದಿಂದ."

"ಸಾಕು. ಕಂಟ್ರಾಕ್ಟರಿಗೆ ಫೈಲು ಕಂಡ್ರೆ ಆಯ್ತು, ನಂಬ್ತಾರೆ. ನೀನು ರಾತ್ರಿ ರೂಮಿನಲ್ಲೇ ಇದ್ದಿ ಅಂತ ತೋರಿಸ್ಲಿಕ್ಕೆ ಎಂತಾದ್ರೂ ಉಂಟಾ?"

ಇತ್ತು. ಸರ್ಫರಾಝನ ಫೋನು ಅವನು ಹೋದ ಜಾಗಗಳನ್ನೆಲ್ಲ, ಕೇಳದಿದ್ದರೂ, ನೆನಪಿಟ್ಟುಕೊಂಡಿತ್ತು. ಅವನು ಊಟ ಬಿಟ್ಟು ಕೂತು ಲೆಕ್ಕ ತೆಗೆದ. ಗ್ರಾಝಿನಲ್ಲಿದ್ದದ್ದು 2022ರ ಸೆಪ್ಟೆಂಬರ್ 28ರಿಂದ 2024ರ ಆಗಸ್ಟ್ 22ರವರೆಗೆ: ಆರುನೂರ ತೊಂಬತ್ತನಾಲ್ಕು ರಾತ್ರಿ. ರಜೆಯಲ್ಲಿ ಮನೆಗೆ ಬಂದ ಮೂವತ್ತೊಂದು ಕಳೆದರೆ ಆರುನೂರ ಅರವತ್ತಮೂರು. ರಾತ್ರಿ ಎಂಟರ ನಂತರ ಫೋನಿನ ನಕ್ಷೆಯ ನೀಲಿ ಚುಕ್ಕೆ ಕೋಣೆಯಲ್ಲೇ ಇದ್ದದ್ದು ಆರುನೂರ ಅರವತ್ತೆರಡು ರಾತ್ರಿ.

"ಒಂದು ಕಮ್ಮಿ ಉಂಟಲ್ಲ," ಯಜ್ಞೇಶನ ಹುಬ್ಬು ಏರಿತು. "ಆ ಒಂದು ರಾತ್ರಿ ಎಲ್ಲಿಗೆ ಹೋದದ್ದು?"

"ಬೆಂಕಿ ಗಂಟೆ ಹೊಡೆದಿತ್ತು. ಯಾರೋ ಬ್ರೆಡ್ಡು ಸುಟ್ಟದ್ದು. ಎಲ್ಲರನ್ನೂ ಅಂಗಳಕ್ಕೆ ಇಳಿಸಿದ್ರು. ನಲವತ್ತು ನಿಮಿಷ."

ಅದು ಡಿಸೆಂಬರ್. ಮೈನಸ್ ನಾಲ್ಕು ಡಿಗ್ರಿ. ಯಾರೋ ಒಬ್ಬಳು ತನ್ನ ಕಂಬಳಿಯ ಅರ್ಧವನ್ನು ಅವನ ಹೆಗಲಿಗೂ ಹಾಕಿದ್ದಳು. ಒಬ್ಬ ಅವನ ಹೆಸರು ಕೇಳಿ ಎರಡು ಸಲ ತಪ್ಪಾಗಿ ಹೇಳಿದ್ದ. ಎಲ್ಲರೂ ನಡುಗುತ್ತ ನಗುತ್ತಿದ್ದರು, ಅವನೂ. ಗಂಟೆ ನಿಂತು ಒಳಗೆ ಹೋಗಬಹುದು ಎಂದಾಗ ಎಲ್ಲರೂ ಖುಷಿಯಿಂದ ಕೂಗಿದರು. ಬೇಸರವಾದದ್ದು ಅವನೊಬ್ಬನಿಗೆ. ಇದನ್ನು ಅವನು ಯಜ್ಞೇಶನಿಗೆ ಹೇಳಲಿಲ್ಲ. ಯಜ್ಞೇಶ್ 'ತುರ್ತು ತೆರವು' ಎಂದು ಬರೆದುಕೊಂಡು ಮುಂದೆ ಹೋದ.

ನಾಲ್ಕು ಗಂಟೆಗೆ ಫೈಲು ಸಿದ್ಧವಾಯಿತು. ಐವತ್ತಮೂರು ಪುಟ, ಸ್ಪೈರಲ್ ಬೈಂಡಿಂಗ್, ಬಣ್ಣದ ಗ್ರಾಫು. ಗ್ರಾಫಿನ ಗೆರೆ ಎರಡು ವರ್ಷದುದ್ದಕ್ಕೂ ಸೊನ್ನೆಯ ಮೇಲೆ, ಸತ್ತವನ ಇಸಿಜಿಯ ಹಾಗೆ, ನೇರವಾಗಿ ಮಲಗಿತ್ತು. ಯಜ್ಞೇಶ್ ಮೊದಲ ಪುಟಕ್ಕೆ 'ಅನುಮೋದನೆಗಾಗಿ' ಎಂಬ ಸೀಲು ಒತ್ತಿ, ಊದಿ ಒಣಗಿಸಿ, ಮಗುವನ್ನು ಶಾಲೆಗೆ ಕಳಿಸುವ ತಾಯಿಯಂತೆ ಕೈಗಿತ್ತ. "ಯಲ್ಲಾ, ಹೋಗು. ಬೇಡ ಅಂದ್ರೂ ಹೋಗು. ಫೈಲು ಕೊಟ್ಟೇ ಬರ್ಬೇಕು."

ಇಶಾ ನಮಾಝ್ ಮುಗಿದ ಮೇಲೆ, ಏಳು ಗಂಟೆಗೆ, ಸರ್ಫರಾಝ್ ತಾಯಿಯನ್ನು ಕೂರಿಸಿಕೊಂಡು ಉಮ್ಮ್ ಸಲಾಲ್‌ನ ಹಾಜಿಯವರ ಮನೆ ತಲುಪಿದ. ಬಾಗಿಲು ತೆರೆದ ಹಾಜಿಯವರು ಮುಖ ಗಂಟಿಕ್ಕಿದರು. ಆದರೆ ಕಣ್ಣು ಸೀಲಿನ ಮೇಲೆ ಬಿತ್ತು. ಕಣ್ಣು ಬಿದ್ದ ಮೇಲೆ ಕೈ ಸುಮ್ಮನಿರಲಿಲ್ಲ.

"ಕೂತ್ಕೊಳ್ಳಿ," ಎಂದು ಕನ್ನಡಕ ಹಾಕಿಕೊಂಡರು.

ಹತ್ತು ನಿಮಿಷ ಪುಟ ತಿರುವುವ ಸದ್ದು. ಹಾಜಿಯವರ ಮುಖ ಪುಟಪುಟಕ್ಕೂ ಬಿಚ್ಚಿಕೊಂಡಿತು. ಆಮೇಲೆ ಅವರು ಸಂತೋಷ ತಡೆಯಲಾರದೆ ಗಟ್ಟಿಯಾಗಿ ಓದತೊಡಗಿದರು.

"ಅಕ್ಟೋಬರ್ ಹದಿನಾಲ್ಕು, ಕೋಣೆ. ಹದಿನೈದು, ಕೋಣೆ. ಡಿಸೆಂಬರ್ ಮೂವತ್ತೊಂದು, ನೋಡಿ, ಹೊಸ ವರ್ಷ, ಇಡೀ ಯುರೋಪು ಬೀದಿಯಲ್ಲಿ ಕುಣಿಯುವ ರಾತ್ರಿ, ನಮ್ಮ ಹುಡುಗ ಕೋಣೆ! ಮಾಶಾ ಅಲ್ಲಾಹ್! ಏಪ್ರಿಲ್ ಇಪ್ಪತ್ತೊಂದು, ಈದ್. ಕೋಣೆ!"

"ಈದಿಗೆ?" ಎಂದರು ನಫೀಸಾ.

ಅವರು ಮಗನ ಕಡೆಗೆ ತಿರುಗಿದರು.

"ಈದಿನ ರಾತ್ರಿ ಇಪ್ಪತ್ತು ಜನ ಸೇರಿ ಬಿರಿಯಾನಿ ಮಾಡಿದ್ದೇವೆ, ಗಲಾಟೆಯಲ್ಲಿ ಮಾತಾಡ್ಲಿಕ್ಕೆ ಆಗುವುದಿಲ್ಲ ಅಂತ ಫೋನು ಇಟ್ಟಿದ್ದಿಯಲ್ಲ ಮೋನೇ. ಹಿಂದೆ ಜನ ಮಾತಾಡುವುದು ನಾನೂ ಕೇಳಿದ್ದೆ."

"ಟಿವಿ ಉಮ್ಮಾ," ಎಂದ ಸರ್ಫರಾಝ್ ನೆಲ ನೋಡುತ್ತ.

ನಫೀಸಾ ಶಾಲಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ಕೂತರು. ಹಾಜಿಯವರು ಮಾತ್ರ ಜೇಬಿನಿಂದ ಪೆನ್ನು ತೆಗೆದು, ಮೊದಲ ಪುಟದಲ್ಲಿ, ಸೀಲಿನ ಕೆಳಗೆ, ಅಭ್ಯಾಸಬಲದಿಂದ ಸಹಿ ಹಾಕಿ ತಾರೀಕು ಬರೆದರು.

"ನನ್ನ ಕಡೆಯಿಂದ ಓಕೆ. ಇಂಥ ಹುಡುಗ ಇಡೀ ದೋಹಾದಲ್ಲಿ ಇಲ್ಲ. ಬೆಳಿಗ್ಗೆ ಆ ಹ್ಯೂಬರ್ಟ್ ಹೇಳಿದ್ದನ್ನು ಮಧ್ಯಾಹ್ನ ಮನೆಯಲ್ಲಿ ಹೇಳಿ ನಾನೇ ಕೂಗಾಡಿದ್ದೆ, ತಪ್ಪಾಯ್ತು. ಫರ್ಝಾನಾ! ಬಾ ಮಗಾ, ನೀನೊಮ್ಮೆ ನೋಡು. ನೋಡಿ ಇಬ್ಬರೂ ಮಾತಾಡಿ."

ಫರ್ಝಾನಾ ಬಂದಳು. ಹಾಜಿಯವರು ನಫೀಸಾರನ್ನು ಚಹಾಕ್ಕೆಂದು ಒಳಗೆ ಕರೆದೊಯ್ದರು. ನಡುವಿನ ಬಾಗಿಲು, ಪದ್ಧತಿಯಂತೆ, ಪೂರ್ತಿ ತೆರೆದೇ ಇತ್ತು. ಅವಳು ಎದುರಿನ ಸೋಫಾದಲ್ಲಿ ಕೂತು ಫೈಲನ್ನು ಮೊದಲಿಂದ ಕಡೆಯವರೆಗೆ ನೋಡಿದಳು. ಸರ್ಫರಾಝ್ ತನ್ನ ನೀರಿನ ವರದಿಗೆ ಸಹಿ ಬೀಳುವುದನ್ನು ಕಾಯುವವನಂತೆ ಕೂತಿದ್ದ. ಎದೆಯಲ್ಲಿ ಮೊದಲ ಬಾರಿಗೆ ಸ್ವಲ್ಪ ಧೈರ್ಯವಿತ್ತು.

"ಇದು ಪೂರಾ ನಿಜವಾ?" ಅವಳು ಕೇಳಿದಳು.

"ನೂರಕ್ಕೆ ನೂರು. ಬೇಕಾದ್ರೆ ಫೋನಿನಲ್ಲೇ ತೋರಿಸ್ತೇನೆ."

"ಹೋಗ್ಲಿಕ್ಕೆ ಮನಸ್ಸೇ ಇರ್ಲಿಲ್ವಾ?"

ಅವನು ಸುಳ್ಳು ಹೇಳಬೇಕೆಂದುಕೊಂಡ. ಆದರೆ ಅಂದು ಅವನು ಸತ್ಯವನ್ನು ಸಾಬೀತು ಮಾಡಲು ಬಂದವನು. "ಇತ್ತು. ಹೆದರಿಕೆ ಆಯ್ತು."

ಫರ್ಝಾನಾ ಫೈಲು ಮುಚ್ಚಿದಳು. "ನನಗೆ ಗ್ರಾಝಿನಲ್ಲೇ ಸೀಟು ಸಿಕ್ಕಿದೆ. ಎರಡು ವರ್ಷದ ಕೋರ್ಸು. ಮಾರ್ಚಿನಲ್ಲಿ ಕ್ಲಾಸು ಶುರು. ಮಾಮನಿಗೆ ಇನ್ನೂ ಹೇಳ್ಲಿಲ್ಲ, ಉಮ್ಮನಿಗೆ ಮಾತ್ರ ಗೊತ್ತು. ಬಂದ ಮೂರು ಬಯೋಡೇಟಾದಲ್ಲಿ ನಿಮ್ಮದರಲ್ಲಿ ಗ್ರಾಝ್ ಅಂತ ಇತ್ತು. ಅದಕ್ಕೆ ನಿಮ್ಮದನ್ನು ತೆಗೆದದ್ದು."

ಸರ್ಫರಾಝ್ ಮುಚ್ಚಿದ ಫೈಲನ್ನು ನೋಡಿದ.

"ಮಧ್ಯಾಹ್ನ ಮಾಮ ಕೂಗಾಡಿದ್ರಲ್ಲ, ಹುಡುಗ ರಾತ್ರಿಯಿಡೀ ತಿರುಗಿದವ, ಆ ಊರಿನ ಗಲ್ಲಿಗಲ್ಲಿ ಗೊತ್ತುಂಟು ಅವನಿಗೆ ಅಂತ. ಆಗಲೇ ನಾನು ಉಮ್ಮನ ಹತ್ತಿರ, ಇವರೇ ಆಗಬಹುದು ಅಂದಿದ್ದೆ."

"ಅಂದ್ರೆ... ಆ ಡ್ಯಾನ್ಸು, ಅದೆಲ್ಲ?"

"ಅದಕ್ಕೆ ಚೆನ್ನಾಗಿ ಬಯ್ಯುವ ಅಂತಿದ್ದೆ. ಬಯ್ದು ಮುಗಿಸಿ ಮದುವೆ ಆಗುವ ಅಂತಿದ್ದೆ."

ಒಳಗಿನಿಂದ ಹಾಜಿಯವರು ಯಾರಿಗೋ ಫೋನಿನಲ್ಲಿ, "ಐವತ್ತಮೂರು ಪುಟ! ಎಲ್ಲದರಲ್ಲೂ ಕೋಣೆ!" ಎನ್ನುವುದು ಕೇಳಿಸುತ್ತಿತ್ತು.

"ಅಲ್ಲಿ ಗುಡ್ಡದ ಮೇಲೆ ಗಡಿಯಾರದ ಗೋಪುರ ಉಂಟಲ್ಲ," ಫರ್ಝಾನಾ ಕೊನೆಯ ಅವಕಾಶ ಕೊಡುವವಳಂತೆ ಕೇಳಿದಳು, "ಅದರಲ್ಲಿ ಉದ್ದದ ಮುಳ್ಳು ಗಂಟೆ ತೋರಿಸುವುದಂತೆ, ಗಿಡ್ಡದ್ದು ನಿಮಿಷ. ಹೌದಾ?"

"ಕಿಟಕಿಯಿಂದ ಗೋಪುರ ಕಾಣ್ತಿತ್ತು," ಎಂದ ಸರ್ಫರಾಝ್. "ಮುಳ್ಳು ನೋಡ್ಲಿಲ್ಲ."

"ಮೆಟ್ಟಿಲು ಹತ್ತಿ ಮೇಲೆ ಹೋಗ್ಲಿಲ್ವಾ? ಹಗಲಿನಲ್ಲಾದ್ರೂ?"

"ಸ್ವಲ್ಪ ದೂರ ಇತ್ತು."

ಅವಳು ಫೈಲನ್ನು ಎರಡೂ ಕೈಯಿಂದ ಅವನಿಗೆ ಹಿಂದೆ ಕೊಟ್ಟಳು. ಅವಳ ಮುಖದಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ನನಗೂ ಹೆದರಿಕೆ ಉಂಟು. ಊರು ಗೊತ್ತಿಲ್ಲ, ಭಾಷೆ ಬರುವುದಿಲ್ಲ. ಹೆದರದವರೊಬ್ಬರು ಜೊತೆಗೆ ಬೇಕಿತ್ತು. ಇಬ್ಬರೂ ಹೆದರಿ ಕೂತ್ರೆ ಬಾಗಿಲು ತೆಗೆಯುವುದು ಯಾರು? ಕೋಣೆಯಲ್ಲಿ ಕೂರ್ಲಿಕ್ಕಾದ್ರೆ ನನಗೆ ಇಲ್ಲೇ ಕೋಣೆ ಉಂಟು."

ಅವನಿಗೆ ಹೇಳಬೇಕಾದ್ದು ಬಹಳವಿತ್ತು. ಅಂಗಿಗೆ ಇಸ್ತ್ರಿ ಮಾಡಿ ಕಾದಿದ್ದೆ ಎನ್ನಬಹುದಿತ್ತು. ಈಗ ನೀವು ಬಾಗಿಲು ತಟ್ಟಿದರೆ ಬರುತ್ತೇನೆ ಎನ್ನಬಹುದಿತ್ತು. "ಸರಿ," ಎಂದ.

ಹಾಜಿಯವರು ಖರ್ಜೂರದ ತಟ್ಟೆ ಹಿಡಿದು ನಗುತ್ತ ಬಂದರು. "ಎಂತ, ಮಾತಾಯ್ತಾ?"

"ಆಯ್ತು ಮಾಮ. ನನಗೆ ಇದು ಬೇಡ."

"ಬೇಡ? ಹೇಗೆ ಬೇಡ?" ಹಾಜಿಯವರು ತಟ್ಟೆಯನ್ನೂ ಫೈಲನ್ನೂ ಸೊಸೆಯನ್ನೂ ಸರದಿಯಂತೆ ನೋಡಿದರು. "ನಾನು ಸಹಿ ಹಾಕಿ ಆಯ್ತಲ್ಲ!"

ಹೊರಗೆ ತಂಪು ಗಾಳಿ ಬೀಸುತ್ತಿತ್ತು. ವಾರದ ಕೊನೆಯ ರಾತ್ರಿ. ರಸ್ತೆಯುದ್ದಕ್ಕೂ ಕಾರುಗಳು ಎಲ್ಲಿಗೋ ಹೊರಟಿದ್ದವು, ಒಳಗೆ ನಗುವ ಜನ. ಸರ್ಫರಾಝ್ ಫೈಲನ್ನು ಹಿಂದಿನ ಸೀಟಿನಲ್ಲಿಟ್ಟು ಕೂತ. ನಫೀಸಾ ಬೆಲ್ಟು ಹಾಕಿಕೊಂಡರು.

"ಈದಿನ ರಾತ್ರಿ ಎಂತ ತಿಂದದ್ದು ನೀನು?"

"ಬ್ರೆಡ್ಡು."

"ಬ್ರೆಡ್ಡಿಗೆ?"

"ಉಪ್ಪಿನಕಾಯಿ. ನೀವು ಕಳ್ಸಿದ್ದು."

ನಫೀಸಾ ತಲೆಯಾಡಿಸಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಅವರು ಕಣ್ಣೊರೆಸಿಕೊಳ್ಳಲಿ ಎಂದು ಸರ್ಫರಾಝ್ ಕಾರು ಹೊರಡಿಸದೆ ಫೋನು ತೆಗೆದ. ಗ್ರಾಝಿನ ನಕ್ಷೆ ತೆರೆದು ಹಾಸ್ಟೆಲಿನ ಬಾಗಿಲಿನ ಮೇಲೆ ಒಂದು ಬೆರಳಿಟ್ಟ, ಗೋಪುರಕ್ಕೆ ಹತ್ತುವ ಮೆಟ್ಟಿಲಿನ ಬುಡದ ಮೇಲೆ ಇನ್ನೊಂದು. ತಪ್ಪಿರಬಹುದೆಂದು ಮತ್ತೊಮ್ಮೆ ಅಳೆದ. ಎರಡನೇ ಸಲವೂ ಅಷ್ಟೇ ಬಂತು.

ನಡೆದು ಹೋದರೆ ಮುನ್ನೂರ ನಲವತ್ತು ಮೀಟರ್.